ಕುದುರೆಯ ಅಳತೆಯ ಸೂಜಿ

ಇವತ್ತು ನನ್ನ ಗಂಡನ ವರ್ಷದ ತಿಥಿ. ಮಗಳು ಬೆಳಿಗ್ಗೆಯೇ ಕಡಲೆಬೇಳೆ ಬೇಯಲು ಇಟ್ಟಳು. ಬೆಲ್ಲ ಬಿದ್ದು ಹೂರಣ ಕುದಿಯುವ ಹೊತ್ತಿಗೆ ನನ್ನ ಸಕ್ಕರೆ ಕಾಯಿಲೆಯ ಸೂಜಿಯ ಹೊತ್ತೂ ಆಯಿತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಹತ್ತಿ ಹಿಡಿದುಕೊಂಡೇ ಬಂದು ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಹೂರಣದ ವಾಸನೆ, ಅದರ ಮೇಲೆ ಸ್ಪಿರಿಟಿನ ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನನ್ನ ಹಳೆಯ ಸಿಟ್ಟು ಎದ್ದು ಕೂತಿತು.

"ಯವ್ವಾ, ಸೂಜಿ ನೋವಾತೇನ?" ಎಂದಳು.

"ಸೂಜಿ ನೋವಲ್ಲ. ಹೋಳಿಗಿ ಯಾರಿಗೆ?"

"ಅಪ್ಪಗ ಎಡಿ ಇಡಾಕ. ಅಪ್ಪಗ ಹೋಳಿಗಿ ಅಂದ್ರ ಎಷ್ಟ ಆಸೆ ಇತ್ತು. ನೀ ಒಂದ ಹಬ್ಬಕ್ಕೂ ಮಾಡಿ ಹಾಕಲಿಲ್ಲ."

ಹಾಕಲಿಲ್ಲ, ಹೌದು. ಯಾಕೆಂದು ಇವಳಿಗೆ ಗೊತ್ತಿಲ್ಲ. ಆ ವರ್ಷ ಇವಳು ತೊಟ್ಟಿಲಲ್ಲಿದ್ದಳು. ದೊಡ್ಡವಳಾದ ಮೇಲೆ ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಈಗ ಬರೆದಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಬಿಡಿಸಿ ಓದುವವರು ಓದಲಿ.

ನಾವು ಈಗ ಇರುವ ಬೆಳಗಾವಿಯ ರಾಮತೀರ್ಥ ನಗರ ಆಗ ಇರಲಿಲ್ಲ. ಇಲ್ಲೆಲ್ಲ ಕಣಬರ್ಗಿಯ ರೈತರ ಹೊಲ, ಕಾಯಿಪಲ್ಲೆಯ ಮಡಿ. ಆ ವರ್ಷದ ಕೊನೆಯ ಮಾತು ಇಲ್ಲೇ ಎಲ್ಲೋ ಒಂದು ಮೆಂತ್ಯೆಯ ಮಡಿಯಲ್ಲಿ ಆಯಿತು. ಯಾವ ಮನೆಯ ಪಾಯದ ಕೆಳಗೆ ಹೋಗಿದೆಯೋ ಆ ಮಡಿ, ಯಾರಿಗೆ ಗೊತ್ತು. ಮೊದಲಿನ ಮಾತು ಮಾತ್ರ ಖಾನಾಪುರದ್ದು.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಖಾನಾಪುರದ ಮಣ್ಣು ಹಂಚಿಗೆ ಹೆಸರಾದದ್ದು. ಮಣ್ಣು ಅಗೆದು, ಚಕ್ಕಡಿಗೆ ತುಂಬಿ, ಹಂಚಿನ ಕಾರ್ಖಾನೆಯ ಅಂಗಳಕ್ಕೆ ತಂದು ಸುರಿಯುವುದು ನಮ್ಮ ಮನೆಯ ದುಡಿಮೆ. ಮಳೆ ಹಿಡಿದರೆ ಮಣ್ಣಿನ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಗಾಲಿ ಹೂಳುತ್ತದೆ, ಕೆಲಸ ಮುಗಿಯಿತು. ಹಾಗಾಗಿ ಹೋಳಿ ಹುಣ್ಣಿಮೆ ಕಳೆದ ಮೇಲೆ ಜೂನಿನ ಮಿರಗದ ಮಳೆ ಬೀಳುವ ತನಕ ಎತ್ತಿಗೂ ಬಿಡುವಿಲ್ಲ, ಮನುಷ್ಯರಿಗೂ ಬಿಡುವಿಲ್ಲ. ಬಿಸಿಲಿಗೆ ಕೆಂಪು ಧೂಳು ಎದ್ದು ಉಣ್ಣುವ ರೊಟ್ಟಿಯ ಮೇಲೆ ಕೂಡುತ್ತಿತ್ತು. ಅದನ್ನು ಜಾಡಿಸಿ ತಿನ್ನುತ್ತಿದ್ದೆವು.

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಸತ್ತವನ ಹೆಸರು ಹೇಳಿದರೆ ಇನ್ನೇನು ಆಗುವುದಿದೆ. ಈರಪ್ಪ. ಮನೆಗೆ ಅವನೇ ಹಿರಿಯ. ಅವನ ತಮ್ಮ ಬಾಳಪ್ಪ. ಬಾಳಪ್ಪನ ಹೆಂಡತಿ ಕಾಶವ್ವ, ನನ್ನ ನೆಗೆಣ್ಣಿ, ಕಣಬರ್ಗಿಯವಳು. ಮದುವೆಯಾಗಿ ವರ್ಷಗಳಾಗಿದ್ದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಹಾಗಂತ ಎತ್ತನ್ನೇ ಮಗನೆಂದು ಮುದ್ದಿಸುತ್ತಿದ್ದಳು ಎಂದು ಬರೆದರೆ ಸುಳ್ಳಾದೀತು. ದನದ ಕೆಲಸ ಅವಳ ಪಾಲಿಗೆ ಬಂದಿತ್ತು, ಮಾಡುತ್ತಿದ್ದಳು. ಮೇವು ಹಾಕುತ್ತಿದ್ದಳು, ಸಗಣಿ ಬಳಿಯುತ್ತಿದ್ದಳು, ಒದ್ದರೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದಳು.

ಎತ್ತು ಎರಡು, ಸರ್ಜಾ ಮತ್ತು ಮಾಣಿಕ. ಆ ಬೇಸಿಗೆಯಲ್ಲಿ ಸರ್ಜಾ ತಲೆ ಜಾಡಿಸತೊಡಗಿತು. ಕೋಡನ್ನು ಗೂಟಕ್ಕೆ ಉಜ್ಜುವುದು, ನೊಗ ಹೂಡಲು ಹೋದರೆ ಹಿಂದೆ ಸರಿಯುವುದು. ಆಮೇಲೆ ಬಲಗೋಡು ಜೋತುಬಿತ್ತು, ಮೂಗಿನಿಂದ ರಕ್ತ ಬೆರೆತ ಸಿಂಬಳ ಸೋರಿತು. ದನದ ದವಾಖಾನೆಯ ಡಾಕ್ಟರು ಬಂದು ನೋಡಿದರು. ಗದಗಿನ ಕಡೆಯ ಹುಡುಗ, ಮೀಸೆ ಇನ್ನೂ ನೆಟ್ಟಗೆ ಬಂದಿರಲಿಲ್ಲ.

"ಕೋಡಿನ ಒಳಗ ಕ್ಯಾನ್ಸರ್ ಐತ್ರಿ. ಬುಡಕ್ಕ ಕೊಯ್ದು ತಗದ್ರ ಎತ್ತ ಉಳೀತೈತಿ. ನಮ್ಮ ತಾಯಿ ತೀರಕೊಂಡಾರ, ನಾ ಊರಿಗೆ ಹೊಂಟೀನಿ. ಕರ್ಮ ಮುಗಿಸಿ ಬಂದಕೂಡಲೇ ಮಾಡೂಣು. ಅಲ್ಲೀತನಕ ಹೂಡಬ್ಯಾಡ್ರಿ" ಎಂದು ಹೇಳಿ ಹೋದರು.

ಕಾಯಬಹುದಿತ್ತು. ಆದರೆ ನನ್ನ ಗಂಡನಿಗೆ ಕಾಯುವುದು ಎಂದರೆ ಸೋತ ಹಾಗೆ. ಬಾಜು ಮನೆಯವರ ಚಕ್ಕಡಿ ಹೋಗುವುದು ಬರುವುದು ನೋಡಿ ನೋಡಿ ಹಲ್ಲು ಕಡಿದ. ಆಮೇಲೆ ಒಂದು ದಿನ ಬೆಳಗಾವಿಗೆ ಹೋಗಿ ಬಂದು, "ತಾತ್ಯಾ ಬರ್ತಾನ" ಎಂದ.

ತಾತ್ಯಾ ಎಂದರೆ ಬೆಳಗಾವಿಯಲ್ಲಿ ಟಾಂಗಾದವರೆಲ್ಲ ಕೈ ಮುಗಿಯುತ್ತಿದ್ದ ಮನುಷ್ಯ. ಮಿಲಿಟರಿಯ ಕುದುರೆ ಲಾಯದಲ್ಲಿ ಡಾಕ್ಟರರ ಕೈಕೆಳಗೆ ದುಡಿದು ಪೆನ್ಶನ್ ತೆಗೆದುಕೊಂಡಿದ್ದ. ಅವನೇನು ಡಾಕ್ಟರಲ್ಲ. ಆದರೆ ಮಿಲಿಟರಿ ಎಂಬ ಮಾತಿಗೆ ನಮ್ಮ ಕಡೆ ಗಂಡಸರು ಎದೆ ಸೆಟೆಸಿ ನಿಲ್ಲುತ್ತಾರೆ. ದವಾಖಾನೆಯ ಹುಡುಗ ಓದಿ ಬಂದವನು, ಅವನಿಗಿಂತ ಬೂಟು ಹಾಕಿ ಬಂದವನು ದೊಡ್ಡವನು.

ಕಾಶವ್ವನ ತವರಿನಲ್ಲಿ ಒಂದು ರೂಢಿ ಇತ್ತು. ಎತ್ತಿಗೆ ಬೀಜ ಒಡೆಸುವುದಿರಲಿ, ಕೋಡು ಕೊಯ್ಯುವುದಿರಲಿ, ರಕ್ತ ಬರುವ ಕೆಲಸವಿದ್ದರೆ ಅದರ ಮೊದಲು ಹೋಳಿಗೆ ತಿನ್ನಿಸಬೇಕು. ದುಡಿದ ಪ್ರಾಣಿ ಬರಿಬಾಯಲ್ಲಿ ನೋವು ಉಣ್ಣಬಾರದು ಎಂದು. ನಮ್ಮ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ. ಅವಳು ಕೇಳಿದಳು, ನಾನು ಆಗಲಿ ಎಂದೆ. ಹೂರಣ ರುಬ್ಬಿದವಳು ನಾನು, ಲಟ್ಟಿಸಿದವಳು ನಾನು. ಬೇಯಿಸಿ ಒಯ್ದು ತಿನ್ನಿಸಿದವಳು ಅವಳು. ಇದನ್ನು ನಾನು ಅವತ್ತೇ ಎಲ್ಲರ ಮುಂದೆ ಹೇಳಿದ್ದೇನೆ, ಇವತ್ತು ಹೊಸದಾಗಿ ಹೇಳುತ್ತಿಲ್ಲ.

ತಾತ್ಯಾ ಬಂದಾಗ ಅವಳು ಇನ್ನೂ ತಿನ್ನಿಸುತ್ತಲೇ ಇದ್ದಳು. ಹೋಳಿಗೆ, ಅದರ ಮೇಲೆ ಜೋಳದ ನುಚ್ಚು, ಅದರ ಮೇಲೆ ಹಿಂಡಿ. ಅವನು ಕೈಯಲ್ಲಿ ಬೆತ್ತ ಹಿಡಿದು ಎದುರಿಗೇ ನಿಂತು ನೋಡಿದ.

"ಎತ್ತಿಗೆ ಲಗ್ನ ಐತೇನ ಬಾಯಿ?" ಎಂದು ನಕ್ಕ. ಮರಾಠಿಯವರ ಹಾಗೆ ಹೆಂಗಸರನ್ನೆಲ್ಲ ಬಾಯಿ ಎಂದೇ ಕರೆಯುತ್ತಿದ್ದ.

"ಕೋಡ ಕೊಡಾಕ ಹೊಂಟೈತ್ರಿ, ಬಾಯಿ ಸಿಹಿ ಮಾಡಾಕತ್ತೀನಿ" ಎಂದಳು ಕಾಶವ್ವ.

"ಛಲೋ, ಛಲೋ. ನನಗೂ ಒಂದ ಕೊಡು."

ಕೊಟ್ಟಳು. ತುಪ್ಪ ಹಾಕಿ ಕೊಟ್ಟಳು. ತಿಂದು ಇನ್ನೊಂದು ಕೇಳಿ ತಿಂದ. ಹೊಟ್ಟೆ ತುಂಬಿದ ಎತ್ತಿಗೆ ಈ ಸೂಜಿ ಹಾಕಬಾರದು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಆ ಬಾಯಿ ಹೋಳಿಗೆ ತಿನ್ನುತ್ತಿತ್ತು.

ಓಣಿಯ ಗಂಡಸರು ಕೂಡಿದ್ದರು. ಗಾಲಿಗೆ ಪಟ್ಟಿ ಹಾಕುವ ಹುಸೇನಸಾಬ ಎತ್ತು ಕೆಡವುವ ಹಗ್ಗ ತಂದಿದ್ದ. ಕಾಲು ಕಟ್ಟಿ, ಮೆತ್ತಗೆ ಕೆಡವಿ, ಕೋಡಿನ ಬುಡಕ್ಕೆ ಮರಗಟ್ಟಿಸುವ ಮದ್ದು ಚುಚ್ಚಿ ಕೊಯ್ಯುವುದು ಎಲ್ಲರೂ ಕಂಡ ಕ್ರಮ. ತಾತ್ಯಾ ಹಗ್ಗವನ್ನು ಬೆತ್ತದಿಂದ ದೂರ ಸರಿಸಿದ.

"ಹಗ್ಗದ ಜಮಾನಾ ಮುಗೀತು. ಈ ಸೂಜಿ ಹಾಕಿದ್ರ ಎಂಥಾ ಮಸ್ತ್ ಕುದುರಿನೂ ನಿಂತಲ್ಲೇ ತಲಿ ಬಗ್ಗಿಸಿ ತೂಕಡಸತೈತಿ. ಬೀಳೂದೂ ಇಲ್ಲ. ನೀವ ನೋಡ್ತಾ ಇರ್ರಿ."

ಹುಸೇನಸಾಬ ಹಗ್ಗ ಸುತ್ತಿಕೊಳ್ಳುತ್ತ, "ಹಂಗಾರ ಇದಕ್ಕೂ ನಾಲ ಹೊಡದು ಟಾಂಗಾಕ್ಕ ಕಟ್ಟೂಣೇನ್ರಿ ತಾತ್ಯಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ತಾತ್ಯಾ ಎತ್ತಿನ ಸುತ್ತ ತಿರುಗಿ ಬೆನ್ನು ನೋಡಿದ, ಎದೆ ನೋಡಿದ. "ಘೋಡಾದಷ್ಟೇ ಐತಿ. ಇಲ್ಲ, ತೂಕ ಸ್ವಲ್ಪ ಜಾಸ್ತಿನೇ" ಎಂದು ಸೂಜಿಗೆ ಇನ್ನಷ್ಟು ಎಳೆದುಕೊಂಡ. ಕೊರಳಿಗೆ ಸ್ಪಿರಿಟ್ ಒರೆಸಿದ. ಚುಚ್ಚಿದ.

ಸರ್ಜಾ ತೂಕಡಿಸಲಿಲ್ಲ. ಹಿಂಗಾಲು ಮೊದಲು ಹೋಯಿತು, ಆಮೇಲೆ ಮುಂಗಾಲು. ಗೋಡೆ ಕುಸಿದಂತೆ ಕುಸಿದು ಎಡಮಗ್ಗುಲಿಗೆ ಬಿತ್ತು. ಬಾಯಿಂದ ಜೊಲ್ಲು ಹಗ್ಗದಂತೆ ಸುರಿಯಿತು. ಕಣ್ಣು ತೆರೆದೇ ಇತ್ತು, ಆದರೆ ನೊಣ ಕೂತರೂ ರೆಪ್ಪೆ ಹೊಡೆಯಲಿಲ್ಲ. ತಾತ್ಯಾ, "ಛಲೋ ಆತು, ಮಲಗಿದ್ದು ಇನ್ನೂ ಛಲೋ" ಎಂದು ಗರಗಸ ಹಿಡಿದು ಕೂತ. ಕೋಡು ಕೊಯ್ದ. ಕೊಯ್ಯುವಾಗ ಎತ್ತು ಮಿಸುಕಲಿಲ್ಲ. ಜನ ವಾಹ್ವಾ ಎಂದರು. ಅವರು ವಾಹ್ವಾ ಎನ್ನುವಾಗ ಎತ್ತಿನ ಹೊಟ್ಟೆ ಉಬ್ಬುತ್ತಿತ್ತು. ಕಾಶವ್ವ ಒಬ್ಬಳೇ ಆ ಕಡೆ ನೋಡುತ್ತಿದ್ದಳು.

"ಅಕ್ಕಾ, ಉಸುರು ನೋಡ. ಭಾಳ ತಡಾ ಮಾಡಿ ತಗೋಳಾಕತ್ತೈತಿ" ಎಂದಳು.

ನಾನು ಹೋಗಿ ತಾತ್ಯಾನಿಗೆ ಹೇಳಿದೆ. "ಹೆಂಗಸರು ಒಳಗ ಹೋಗ್ರಿ" ಎಂದ.

ಒಳಗೆ ಹೋಗಲಿಲ್ಲ. ಎತ್ತಿನ ಮೂಗಿನಿಂದ ಹುಳಿ ನೀರು ಬಂತು, ಅದರ ಸಂಗಡ ನುಚ್ಚು, ಹೋಳಿಗೆಯ ಚೂರು. ಒಮ್ಮೆ ಎದೆ ಎತ್ತಿ ಬಿಟ್ಟಿತು. ಮತ್ತೆ ಎತ್ತಲಿಲ್ಲ. ನಡು ಮಧ್ಯಾಹ್ನ. ಹೂರಣ, ಸ್ಪಿರಿಟ್, ಹೊಟ್ಟೆಯ ಹುಳಿ, ಮೂರೂ ಕೂಡಿದ ಆ ವಾಸನೆ ಅಂಗಳದಲ್ಲಿ ನಿಂತುಬಿಟ್ಟಿತು.

ತಾತ್ಯಾ ಎದ್ದು ಮೊಣಕಾಲಿನ ಧೂಳು ಜಾಡಿಸಿಕೊಂಡ. ಬೆತ್ತದ ತುದಿಯಿಂದ ಆ ಹೋಳಿಗೆಯ ಚೂರನ್ನು ಮುಟ್ಟಿದ.

"ಇದೇನು? ಹೊಟ್ಟಿ ಬಿರಿಯುವಂಗ ತಿನ್ನಿಸಿ ಸೂಜಿ ಹಾಕಸ್ತೀರಿ? ಉಸುರು ಹೆಂಗ ಬರಬೇಕು? ಎತ್ತ ಸತ್ತದ್ದು ನನ್ನ ಸೂಜಿಲೆ ಅಲ್ಲ ಈರಪ್ಪಾ. ನಿಮ್ಮ ಹೆಂಗಸರ ಹೋಳಿಗಿಲೆ."

"ನೀವೂ ತಿಂದ್ರೆಲ್ಲ. ತಿನ್ನಿಸೂ ಮುಂದ ಇಲ್ಲೇ ನಿಂತಿದ್ರೆಲ್ಲ" ಎಂದೆ.

"ಬಾಯಿ ಮುಚ್ಚ" ಎಂದ. ತಾತ್ಯಾ ಅಲ್ಲ, ನನ್ನ ಗಂಡ. ಅದೂ ನನಗೆ.

ಆಮೇಲೆ ಗಂಡಸರು ತಾತ್ಯಾನನ್ನು ಕಟ್ಟೆಯ ಮೇಲೆ ಕೂಡ್ರಿಸಿ, ಚಹಾ ಕುಡಿಸಿ, ರೈಲು ನಿಲ್ದಾಣದ ತನಕ ಕಳಿಸಿ ಬಂದರು. ಸತ್ತ ಎತ್ತು ಅಂಗಳದಲ್ಲೇ ಇತ್ತು. ಕೊಂದವನಿಗೆ ಚಹಾ.

ಮರುದಿನದಿಂದ ಓಣಿಯಲ್ಲಿ ಒಂದೇ ಮಾತು. ಕಾಶವ್ವನ ಹೋಳಿಗೆ ಎತ್ತನ್ನು ನುಂಗಿತು. ನಾನು ಎಷ್ಟು ಸಲ ಹೇಳಿದರೂ ಅದು ನನ್ನ ಹೋಳಿಗೆಯೂ ಆಗಲಿಲ್ಲ. ನನಗೆ ಮಕ್ಕಳಿದ್ದವು, ತೊಟ್ಟಿಲು ತೂಗುತ್ತಿತ್ತು. ಅವಳಿಗೆ ಏನೂ ಇರಲಿಲ್ಲ. ಬರಿಮಡಿಲವಳ ಕೈ ಎಂದು ಮುದುಕಿಯರು ಬಾವಿಕಟ್ಟೆಯಲ್ಲಿ ಅಂದರು. ತಮ್ಮ ಕೈಯ ಮೊಸರು ಹುಳಿಯಾದರೂ ಅವಳ ಕಣ್ಣಿಗೆ ಹೊರಿಸುವ ಮುದುಕಿಯರು. ನಾನು ಈಗ ಅವರ ವಯಸ್ಸಿಗೆ ಬಂದಿದ್ದೇನೆ, ಅದಕ್ಕೇ ಧೈರ್ಯವಾಗಿ ಬಯ್ಯುತ್ತೇನೆ.

ವಾರ ಕಳೆಯಲಿಲ್ಲ. ಉಣ್ಣುತ್ತ ಕೂತಾಗ ನನ್ನ ಗಂಡ ತಮ್ಮನಿಗೆ ಹೇಳಿದ: "ಬಾಳ್ಯಾ, ಅಕಿನ್ನ ತವರಿಗೆ ಬಿಟ್ಟ ಬಾ. ನಾಕ ದಿನ ಇರಲಿ."

ಆ ನಾಲ್ಕು ದಿನದ ಅರ್ಥ ಎಲ್ಲರಿಗೂ ಗೊತ್ತಿತ್ತು. ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಹಿಟ್ಟು ಮುಗಿಯುವ ತನಕ ಬಡಿದು, ಒಲೆ ಆರಿಸಿ, ಗಂಡನ ಮುಖ ನೋಡಿದಳು. ಬಾಳಪ್ಪ ತಾಟು ನೋಡುತ್ತಿದ್ದ. ಬೆಳಿಗ್ಗೆ ಅವಳ ಟ್ರಂಕು ತಲೆಯ ಮೇಲೆ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಟ್ರಂಕು ಹೊರುವಷ್ಟು ಬಲ ಅವನಲ್ಲಿತ್ತು.

ಮಿರಗ ಹತ್ತಿರ ಬಂತು. ಮಳೆ ಹಿಡಿಯುವ ಮೊದಲು ದನಗಳಿಗೆ ಗಂಟಲು ಬೇನೆಯ ಲಸಿಕೆ ಹಾಕುತ್ತಾರೆ. ಊರಿಂದ ತಿರುಗಿ ಬಂದ ಡಾಕ್ಟರು ಓಣಿ ಓಣಿ ತಿರುಗುತ್ತ ನಮ್ಮ ಅಂಗಳಕ್ಕೂ ಬಂದರು. ಮಾಣಿಕ ಒಂದೇ ನಿಂತಿತ್ತು.

"ಸರ್ಜಾ ಎಲ್ಲೈತ್ರಿ ಅಕ್ಕಾರ? ಕೋಡ ಕೊಯ್ಯೂದು ಇತ್ತಲ್ಲ."

ಹೇಳಿದೆ. ತಾತ್ಯಾ ಬಿಟ್ಟುಹೋದ ಸೀಸೆ ಗೋಡೆಯ ಗೂಡಿನಲ್ಲಿತ್ತು, ತಂದು ಕೊಟ್ಟೆ. ಮೇಲಿನ ಚೀಟಿ ಓದಿದರು.

"ಝೈಲಜೀನ್. ಎಷ್ಟ ಹಾಕಿದ?"

"ಸೂಜಿ ತುಂಬ. ಕುದುರಿಗೆ ಹಾಕಿದಷ್ಟು, ಅದರ ಮ್ಯಾಲೆ ಇನ್ನಷ್ಟು. ಎತ್ತ ದೊಡ್ಡದೈತಿ ಅಂತ."

ಆ ಹುಡುಗ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ.

"ಅಕ್ಕಾರ, ಕುದುರಿಗೆ ಹಾಕೂದರಾಗ ಹತ್ತರಾಗ ಒಂದ ಪಾಲು ಸಾಕಿತ್ತು ಎತ್ತಿಗೆ. ಅದೂ ಹೆಚ್ಚ ಆಗಬಹುದು."

"ಎತ್ತ ಕುದುರಿಗಿಂತ ಸಣ್ಣದೇನ್ರಿ?"

"ತೂಕದ ಮಾತಲ್ರಿ. ಮೈ ಅನ್ನೂದು ಸಣ್ಣ ಸಣ್ಣ ಕಣದಿಂದ ಕಟ್ಟೈತಿ, ಗ್ವಾಡಿಗೆ ಇಟ್ಟಂಗಿ ಇದ್ದಂಗ. ಆ ಕಣದ ಮ್ಯಾಲೆ ಔಷಧ ಬಂದು ಕೂಡೂ ಜಾಗಾ ಇರತೈತಿ. ಈ ಔಷಧ ಅಲ್ಲಿ ಬಂದ ಕುಂತ್ರ, ನಿದ್ದಿ ಮಾಡು, ಉಸುರು ಸಾವಕಾಶ ತಗೋ ಅಂತ ಮೈಗೆ ಹುಕುಂ ಹೋಗತೈತಿ. ಆ ಜಾಗಾ ಕುದುರಿ ಮೈಯಾಗೂ ಐತಿ, ಎತ್ತಿನ ಮೈಯಾಗೂ ಐತಿ. ಆದ್ರ ಅದರ ಘಡಣಿ, ಕಟ್ಟಿದ ರೀತಿ, ಬ್ಯಾರೆ. ಕುದುರಿಯೊಳಗ ಭಾಳ ಔಷಧ ಕುಂತ ಮ್ಯಾಲೆ ಆಗೂ ಕೆಲಸ ಎತ್ತಿನೊಳಗ ಒಂದೀಟು ಕುಂತ್ರೂ ಆಗಿಬಿಡತೈತಿ. ಹಂದಿಗೆ ನೋಡಿದ್ರ ಕುದುರಿಗಿಂತಾನೂ ಜಾಸ್ತಿ ಬೇಕು. ಅದಕ್ಕ ತೂಕ ಒಂದನ್ನ ನೋಡಿ ಕೊಡಬಾರದು. ಪ್ರಾಣಿ ಜಾತಿ ನೋಡಿ ಕೊಡಬೇಕು."

"ಮಂದ್ಯಾಗ ಜಾತಿ ನೋಡಬ್ಯಾಡ್ರಿ ಅಂದ್ರ ಅಲ್ಲಿ ನೋಡ್ತಾರ. ನೋಡಬೇಕಾದಲ್ಲಿ ನೋಡೂದಿಲ್ಲ" ಎಂದೆ. ಅವರು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ಅವರು ಹೇಳಿದ್ದು ನನಗೆ ತಿಳಿಯಿತು. ಹಂಚಿನ ಅಂಗಳದಲ್ಲಿ ದುಡಿದವರಿಗೆ ಅದು ದೊಡ್ಡ ಮಾತಲ್ಲ. ಎರಡು ಜಾತಿಯ ಮಣ್ಣನ್ನು ಒಂದೇ ಅಳತೆಗೆ ಗುಡ್ಡೆ ಮಾಡಿ, ಎರಡಕ್ಕೂ ಅಷ್ಟಷ್ಟೇ ನೀರು ಹಾಕಿ ನೋಡಿ. ಒಂದು ನೆಂದು ಹದಕ್ಕೆ ಬರುತ್ತದೆ, ಇನ್ನೊಂದು ಕೆಸರಾಗಿ ಹರಿದು ಹೋಗುತ್ತದೆ. ನೀರಿನ ತಪ್ಪೂ ಅಲ್ಲ, ಮಣ್ಣಿನ ತಪ್ಪೂ ಅಲ್ಲ. ಹಾಕಿದವನ ತಪ್ಪು.

"ಹಂಗಾರ ಹೋಳಿಗಿದು ಏನೂ ಇಲ್ಲ?" ಎಂದು ಕೇಳಿದೆ. ನನಗೆ ಬೇಕಾದದ್ದು ಅದೊಂದೇ.

ಡಾಕ್ಟರು ಸುಳ್ಳು ಹೇಳುವ ಮನುಷ್ಯನಾಗಿರಲಿಲ್ಲ. "ಹೊಟ್ಟಿ ತುಂಬಿದ್ದು ಛಲೋ ಆಗಲಿಲ್ಲ, ಖರೇ. ಅದನ್ನ ಮೊದಲ ಹೇಳೂದು ಸೂಜಿ ಹಾಕವನ ಕೆಲಸ. ಮಗ್ಗಲಾ ಬಿದ್ದದ್ದನ್ನ ಎತ್ತಿ ಎದಿ ನೆಲಕ್ಕ ಊರುವಂಗ ಕುಂದರಸಬೇಕಿತ್ತು, ಅದನ್ನೂ ಮಾಡಲಿಲ್ಲ. ಆದ್ರ ಹೋಳಿಗಿ ತಿಂದು ಎತ್ತ ಹಂಗ ಸಾಯೂದಿಲ್ಲ ಅಕ್ಕಾರ. ಅಷ್ಟ ಔಷಧಕ್ಕ ಉಪವಾಸ ಇದ್ದ ಎತ್ತೂ ಉಳೀತಿರಲಿಲ್ಲ."

ಸಂಜೆ ಗಂಡನಿಗೆ ಹೇಳಿದೆ. ಎಲೆಯಡಿಕೆ ಜಗಿಯುತ್ತ, "ಆ ಹುಡುಗಗೇನ ಗೊತ್ತು. ತಾತ್ಯಾ ಮಿಲಿಟರಿ ಮನಶ್ಯಾ" ಎಂದ.

"ತಾತ್ಯಾನ ಬಾಯಿಲೇ ಕೇಳಿದ್ರ ನಂಬ್ತೀರಿ?"

"ಕೇಳಿ ಬಾ ಹೋಗು" ಎಂದ. ಹೋಗಲಾರಳು ಎಂದುಕೊಂಡಿದ್ದ.

ಮರುದಿನ ತೊಟ್ಟಿಲ ಕೂಸನ್ನು ಬಗಲಲ್ಲಿ ಕಟ್ಟಿಕೊಂಡು ಬೆಳಗಾವಿಯ ಬಸ್ಸು ಹತ್ತಿದೆ. ಟಾಂಗಾ ನಿಲ್ಲುವಲ್ಲಿ ಕೇಳುತ್ತ ಕೇಳುತ್ತ ಹೋದೆ. ತಾತ್ಯಾ ಒಂದು ತಗಡಿನ ಲಾಯದ ಮುಂದೆ ಸ್ಟೂಲಿನ ಮೇಲೆ ಕೂತು ಕುದುರೆಯ ಗೊರಸು ಕೆತ್ತಿಸುತ್ತಿದ್ದ. ಗುರುತು ಹಿಡಿಯಲಿಲ್ಲ. ಖಾನಾಪುರದ ಎತ್ತು ಎಂದ ಮೇಲೆ, "ಹಾಂ, ಹೋಳಿಗಿ ಎತ್ತು" ಎಂದ. ಅವನ ಬಾಯಲ್ಲಿ ಆ ಎತ್ತಿಗೆ ಹೆಸರೇ ಅದಾಗಿತ್ತು.

ಡಾಕ್ಟರು ಹೇಳಿದ್ದನ್ನು ಹೇಳಿದೆ. ಕುದುರೆಯ ಕೊರಳು ತಟ್ಟುತ್ತ ಕೇಳಿಸಿಕೊಂಡ.

"ಬಾಯಿ, ನಾ ಎಷ್ಟೋ ಕುದುರಿಗೆ ಈ ಸೂಜಿ ಹಾಕೀನಿ. ಒಂದೂ ಸತ್ತಿಲ್ಲ. ಇದನ್ನೇ ಕೇಳು, ಹ್ವಾದ ತಿಂಗಳ ಹಲ್ಲ ಅರದಿಂದ ಉಜ್ಜಾಕ ಹಾಕಿದ್ದೆ."

"ಕುದುರಿದು ಕೇಳಾಕ ಬಂದಿಲ್ಲ. ಎತ್ತಿಗೆ ಹಿಂದ ಎಂದರ ಹಾಕಿದ್ರೇನು?"

ಅವನು ಗೊರಸು ಕೆತ್ತುವವನ ಕಡೆ ನೋಡಿದ. ಕೆತ್ತುವವನು ತಲೆ ಎತ್ತದೆ, "ಶಹಾಪುರದ ಎಮ್ಮಿಗೆ ಹಾಕಿದ್ರೆಲ್ಲ ತಾತ್ಯಾ" ಎಂದ.

"ಅದೇನಾತು?" ಎಂದೆ.

"ಸತ್ತಿತು" ಎಂದ ತಾತ್ಯಾ. ಸಿಟ್ಟೂ ಇಲ್ಲ, ನಾಚಿಕೆಯೂ ಇಲ್ಲ. ಮಳೆ ಬಂತು ಎಂದ ಹಾಗೆ.

"ನಮ್ಮ ಎತ್ತಿನ ಮೊದಲೋ, ಆಮ್ಯಾಲೋ?"

"ಮೊದಲ."

"ಅಲ್ಲಿ ಏನಂತ ಹೇಳಿದ್ರಿ?"

"ಹಸಿ ಹುಲ್ಲ ತಿಂದಿತ್ತು. ಹಸಿ ಹುಲ್ಲಿಲೆ ಉಬ್ಬಿತು ಅಂದೆ."

ಶಹಾಪುರದಲ್ಲಿ ಹುಲ್ಲು, ಖಾನಾಪುರದಲ್ಲಿ ಹೋಳಿಗೆ. ಹುಲ್ಲು ಹಾಕಿದವಳೂ ಯಾವಳೋ ಹೆಂಗಸೇ ಇದ್ದಿರಬೇಕು. ಒಮ್ಮೆ ಗೊತ್ತಿಲ್ಲದೆ ಆಗುತ್ತದೆ. ಗೊತ್ತಿಲ್ಲದ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಒಂದು ಎಮ್ಮೆ ಕಣ್ಣೆದುರೇ ಬಿದ್ದು ಸತ್ತ ಮೇಲೆ ಇವನು ಯಾರನ್ನೂ ಕೇಳಲಿಲ್ಲ. ಬೆಳಗಾವಿಯಂಥ ಊರಲ್ಲಿ ಕೇಳಲು ಡಾಕ್ಟರಿರಲಿಲ್ಲವೇ? ಅದೇ ಸೀಸೆ, ಅದೇ ಅಳತೆ ಹಿಡಿದು ನಮ್ಮ ಅಂಗಳಕ್ಕೆ ಬಂದ. ಹೆಚ್ಚುಕಡಿಮೆಯಾದರೆ ಹೇಳಲು ಏನಾದರೂ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ. ಸಿಕ್ಕಿತು.

"ಎತ್ತಿನ ಸಲುವಾಗಿ ಇಷ್ಟ ದೂರ ಬಂದೀಯೇನ ಬಾಯಿ?" ಎಂದ.

"ಎತ್ತಿನ ಸಲುವಾಗಿ ಅಲ್ಲ. ನಿಮಗ ತುಪ್ಪ ಹಾಕಿ ಹೋಳಿಗಿ ಕೊಟ್ಟ ಹೆಣ್ಣಮಗಳು ಮನಿ ಬಿಟ್ಟ ಹ್ವಾದಳು. ಬಂದು ಖಾನಾಪುರದಾಗ ನಾಕ ಮಂದಿ ಮುಂದ ಹೇಳ್ರಿ, ನನ್ನ ಸೂಜಿ ತಪ್ಪು ಅಂತ."

"ನಿಮ್ಮ ಮನ್ಯಾಗಿನ ಜಗಳಕ್ಕ ನಾ ಯಾಕ ಬರಲಿ?"

ಅಲ್ಲಿ ನೀರಿನ ಬಕೆಟ್ಟು ಇತ್ತು. ಅವನ ಬೂಟಿನ ಮೇಲೆ ಒದ್ದು ಕೆಡವಿದೆ. ಕುದುರೆ ಬೆದರಿ ಹಿಂದೆ ಸರಿಯಿತು. ಕೂಸು ಅತ್ತಿತು. ನಾನು ನಡೆದೆ. ಅದರಿಂದ ಏನೂ ಆಗಲಿಲ್ಲ, ಬೂಟು ಒದ್ದೆಯಾಯಿತು ಅಷ್ಟೆ. ಆದರೂ ಒದ್ದದ್ದಕ್ಕೆ ಇವತ್ತಿಗೂ ಸಂತೋಷವೇ ಇದೆ.

ಮನೆಗೆ ಬಂದು ಶಹಾಪುರದ ಎಮ್ಮೆಯ ಮಾತನ್ನು ಗಂಡನ ಮುಂದೆ, ಬಾಳಪ್ಪನ ಮುಂದೆ, ಕಟ್ಟೆಯ ಮೇಲೆ ಕೂತ ಹುಸೇನಸಾಬನ ಮುಂದೆ ಹೇಳಿದೆ. ಬೇಕೆಂದೇ ಜನ ಇದ್ದಾಗ ಹೇಳಿದೆ. ಹುಸೇನಸಾಬ, "ಯಾ ಅಲ್ಲಾ" ಎಂದು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ನನ್ನ ಗಂಡ ಎಲೆಗೆ ಸುಣ್ಣ ಹಚ್ಚುತ್ತ ಕೂತ. ಕೆಟ್ಟವನಲ್ಲ ಅವನು. ತಪ್ಪಾಯಿತು ಎಂಬ ಮಾತು ಮಾತ್ರ ಅವನ ಮನೆತನದಲ್ಲೇ ಹುಟ್ಟಿರಲಿಲ್ಲ. ಕೊನೆಗೆ, "ಹಂಗಿದ್ರ ಬರಾಕ ಹೇಳು ಅಕಿಗೆ" ಎಂದ. ತಾನೇ ಹೋಗಿ ಕರೆಯುತ್ತೇನೆ ಎನ್ನಲಿಲ್ಲ.

ನಾನೇ ಹೊರಟೆ, ಬಾಳಪ್ಪನನ್ನು ಎಬ್ಬಿಸಿಕೊಂಡು. ಮೊದಲ ಮಳೆ ಬಿದ್ದಿತ್ತು. ಕಣಬರ್ಗಿಯ ಹೊಲದಲ್ಲಿ ಕಾಶವ್ವ ಸೀರೆ ಎತ್ತಿ ಕಟ್ಟಿಕೊಂಡು ಮೆಂತ್ಯೆ ಕೀಳುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಗಂಡನನ್ನು ಕಂಡು ನಗಲಿಲ್ಲ. ನಾನು ಬದುವಿನ ಮೇಲೆ ಕೂತು ಗೆದ್ದು ಬಂದವರ ಹಾಗೆ ಎಲ್ಲ ಹೇಳಿದೆ. ಕಣ, ಔಷಧ ಕೂಡುವ ಜಾಗ, ಕುದುರೆಯ ಅಳತೆ, ಶಹಾಪುರದ ಎಮ್ಮೆ, ಒದ್ದೆಯಾದ ಬೂಟು. ಬೂಟಿನ ಮಾತಿಗೆ ಬಿದ್ದು ಬಿದ್ದು ನಕ್ಕಳು.

"ಹಂಗಾರ ನಿಂದೇನೂ ತಪ್ಪಿಲ್ಲ ಅಂತ ಎಲ್ಲಾರಿಗೂ ಗೊತ್ತಾತು. ಏಳು, ಹೋಗೂಣು" ಎಂದೆ.

ಅವಳು ಕಿತ್ತ ಮೆಂತ್ಯೆಯ ಬೇರಿನ ಮಣ್ಣು ಜಾಡಿಸಿ ಸೂಡು ಕಟ್ಟಿದಳು.

"ಅಕ್ಕಾ, ಒಂದ ಮಾತ ಕೇಳಲಿ?"

"ಕೇಳ."

"ಎತ್ತನ್ನ ಹೋಳಿಗಿನ ಕೊಂದಿದ್ರ?"

"ಏನಂದಿ?"

"ಡಾಕ್ಟರ ಬಂದು, ಇಲ್ಲ, ಸೂಜಿ ಬರೋಬ್ಬರಿ ಇತ್ತು, ಹೋಳಿಗಿನ ಕೊಂದೈತಿ ಅಂದಿದ್ರ? ನನ್ನ ಟ್ರಂಕು ಹೊರಗ ಹಾಕಿದ್ದು ನ್ಯಾಯ ಆಗತಿತ್ತೇನು?"

ಬಾಳಪ್ಪ ಮಡಿಯ ಆಚೆ ನಿಂತು ಚಪ್ಪಲಿಯ ಕೆಸರು ಕಲ್ಲಿಗೆ ಒರೆಸುತ್ತಿದ್ದ.

"ಇವತ್ತ ಕುದುರಿ ಸೂಜಿ ನನ್ನ ಉಳಿಸೇತಿ" ಎಂದಳು ಕಾಶವ್ವ. "ನಾಳೆ ಹಾಲ ಒಡದ್ರ, ಮಾಣಿಕ ಬಿದ್ರ, ಯಾವ ಡಾಕ್ಟರನ್ನ ಹುಡಿಕ್ಕೊಂಡ ಹೋಗತಿ? ನಾ ಒಲ್ಲೆ ಅಕ್ಕಾ. ನೀ ಉಂಡ ಹೋಗು."

ಉಣ್ಣಲಿಲ್ಲ. ಅವಳ ಮೇಲೂ ಸಿಟ್ಟು ಬಂದಿತ್ತು ನನಗೆ. ಇಷ್ಟು ತಿರುಗಿ, ಇಷ್ಟು ಜನರ ಬಾಯಿ ಬಡಿದು, ನ್ಯಾಯ ತಂದು ಮುಂದೆ ಇಟ್ಟರೆ ಇವಳು ಕಾಲಿನಿಂದ ಸರಿಸಿದಳಲ್ಲ ಎಂದು. ಬಸ್ಸಿನಲ್ಲಿ ಕೂತು ಅರ್ಧ ದಾರಿ ಬಂದ ಮೇಲೆ ಆ ಸಿಟ್ಟು ಅವಳನ್ನು ಬಿಟ್ಟು ಬಾಜು ಕೂತಿದ್ದ ಬಾಳಪ್ಪನ ಮೇಲೆ ಹೋಯಿತು. ಖಾನಾಪುರ ಬರುವ ಹೊತ್ತಿಗೆ ಅದು ಹೋಗಿ ಸೇರಬೇಕಾದಲ್ಲಿ ಸೇರಿತ್ತು.

ನನ್ನ ಗಂಡ ಕಟ್ಟೆಯ ಮೇಲೆ ಕಾಯುತ್ತಿದ್ದ. "ಬರಲಿಲ್ಲೇನು? ಏನಂತಾಳ?" ಎಂದ.

"ಹೋಳಿಗಿನ ಕೊಂದಿದ್ರ ಅಂತ ಕೇಳ್ಯಾಳ" ಎಂದೆ.

"ಅಂದ್ರ?"

"ನೀವ ಹೇಳ್ರಿ ಅಂದ್ರ ಏನಂತ. ಹೋಳಿಗಿನ ಕೊಂದಿದ್ರ?"

ಎದ್ದು ಮಾಣಿಕನಿಗೆ ಹುಲ್ಲು ಹಾಕಲು ಹೋದ.

ಬಾಳಪ್ಪ ಮುಂದೆ ಬೇರೆ ಮದುವೆಯಾದ, ಅವನ ಮಾತು ಸಾಕು. ಕಾಶವ್ವ ಕಣಬರ್ಗಿಯಿಂದ ಪಲ್ಲೆಯ ಬುಟ್ಟಿ ಹೊತ್ತು ಬೆಳಗಾವಿಯ ಪೇಟೆಯಲ್ಲಿ ಮಾರಿದಳು, ಯಾರ ಹಂಗಿಗೂ ಬೀಳದೆ ಬದುಕಿದಳು. ಹೊಲ ಬಡಾವಣೆಯಾದ ಮೇಲೂ ಒಂದು ತುಂಡು ಉಳಿಸಿಕೊಂಡಿದ್ದಳು. ನಾನು ಮಗಳ ಮನೆಗೆ ಬಂದಿರಲು ಶುರುಮಾಡಿದ ಮೇಲೆ ಸಿಗುತ್ತಿದ್ದಳು. ಬೂಟಿನ ಮಾತು ನೆನೆಸಿ ನಗುತ್ತಿದ್ದೆವು. ಹೋದ ಚಳಿಗಾಲದಲ್ಲಿ ತೀರಿಕೊಂಡಳು.

ಎತ್ತು ಸತ್ತ ವರ್ಷದ ಕಾರಹುಣ್ಣಿಮೆಗೆ ನನ್ನ ಗಂಡ, "ಹೋಳಿಗಿ ಮಾಡಂಗಿಲ್ಲೇನ?" ಎಂದು ಕೇಳಿದ. "ಮಾಡ್ತೀನಿ. ಮೊದಲ ಹೇಳ್ರಿ, ಹೋಳಿಗಿನ ಕೊಂದಿದ್ರ?" ಎಂದೆ. ನಾನು ಮಾಡಿದ ರವೆಯ ಸಜ್ಜಕ ಉಂಡ. ದೀಪಾವಳಿಗೆ ಕೇಳಿದ, ಅದನ್ನೇ ಕೇಳಿದೆ. ಯುಗಾದಿಗೆ ಕೇಳಿದ, ಅದನ್ನೇ ಕೇಳಿದೆ. ಆಮೇಲೆ ಹೋಳಿಗೆಯ ಹೆಸರು ಎತ್ತುವುದನ್ನು ಬಿಟ್ಟ. ಮಂದಿಯ ಮನೆಯ ಮದುವೆಯಲ್ಲಿ ತಿನ್ನುತ್ತಿದ್ದನಂತೆ, ನನ್ನ ಕಣ್ಣು ತಪ್ಪಿಸಿ. ಮನೆಯಲ್ಲಿ ಇಲ್ಲ. ಹಾಸಿಗೆ ಹಿಡಿದ ಮೇಲೆ ಒಮ್ಮೆ ನನ್ನ ಕೈ ಹಿಡಿದು ಬಾಯಿ ತೆರೆದ. ಹೇಳುತ್ತಾನೇನೋ ಎಂದು ಬಾಗಿದೆ. ನೀರು ಕೇಳಿದ. ಕೊಟ್ಟೆ.

ಇಷ್ಟು ಬರೆಯುವ ಹೊತ್ತಿಗೆ ಮಗಳು ಅವನ ಫೋಟೋದ ಮುಂದೆ ಎಡೆ ಇಟ್ಟು ಕರೆದಳು. ಅನ್ನ, ಸಾರು, ಬದನೆಕಾಯಿ ಪಲ್ಯ, ತುದಿಯಲ್ಲಿ ತುಪ್ಪ ಹಚ್ಚಿದ ಹೋಳಿಗೆ. ನಾನು ಹೋಗಿ ಹೋಳಿಗೆಯನ್ನು ತೆಗೆದು ಬೇರೆ ತಾಟಿಗೆ ಹಾಕಿದೆ.

"ಯವ್ವಾ, ಏನ ಮಾಡಾಕತ್ತಿ? ಎಡಿ ಮುಟ್ಟಬಾರದು."

"ಅನ್ನ ಸಾರು ಉಣ್ಣಲಿ" ಎಂದೆ. "ಹೋಳಿಗಿ ಬ್ಯಾಡ. ಅಂವಾ ಇನ್ನೂ ಹೇಳಿಲ್ಲ."